ಎಂಟು ಶಾಲು

ಐದನೆಯ ಶಾಲು ಹೊದಿಸುವ ಹೊತ್ತಿಗೆ ಬೀರಲಿಂಗಪ್ಪನ ಹೆಗಲಿಂದ ಗಿಟಾರಿನ ಪಟ್ಟಿ ಜಾರಿತು. ಒಂದು ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿ ಸಂಭಾಳಿಸುತ್ತ ಆ ಮುದುಕ ಫೋಟೋದವನ ಕಡೆ ನಕ್ಕ. ತಲೆಯ ಮೇಲೆ ಮೈಸೂರು ಪೇಟ, ಅದರ ಕೆಳಗಿಂದ ಹೆಗಲವರೆಗೆ ಇಳಿಬಿದ್ದ ನರೆಗೂದಲು. ಬುದ್ಧ ಪೂರ್ಣಿಮೆಗೆಂದು ಬಿಳಿಚೋಡಿನ ಸಮುದಾಯ ಭವನದಲ್ಲಿ ಸೇರಿದ್ದವರು ಇಂಥ ವೇಷವನ್ನು ಹಿಂದೆಂದೂ ನೋಡಿರಲಿಲ್ಲ.

"ಇನ್ನೆಷ್ಟು ಶಾಲು ಅದಾವ್ರೀ?" ಯಶೋಧರಾ ಗಂಡನ ಕಿವಿಯ ಹತ್ತಿರ ಬಂದು ಕೇಳಿದಳು. "ನಾಕಕ್ಕೆ ಕರೆಂಟ್ ತೆಗಿತಾರೆ. ಮೊದ್ಲು ನುಡಿಸಾಕೆ ಬಿಡ್ರಿ ಅವ್ರನ್ನ."

"ಮೂರೇ ಉಳಿದಾವೆ, ಸುಮ್ನಿರು," ಎಂದ ಕೆಂಚೇಶ್. ಕಾರ್ಯಕ್ರಮ ಅವನದೇ. "ಕಾರ್ಡ್‌ನಾಗೆ ಎಂಟು ಮಂದಿ ಹೆಸ್ರು ಹಾಕ್ಸಿದ ಮ್ಯಾಲೆ ಅವ್ರ ಕೈಲಿ ಒಂದೊಂದು ಹೊದಿಸ್ಲೇಬೇಕು. ನುಡಿಸಿದ ಮ್ಯಾಲೆ ಕೊಟ್ರೆ ಅದು ಸನ್ಮಾನ ಅಲ್ಲ, ಕೂಲಿ."

ಅವನ ಮಾತನ್ನು ಹಟವೆಂದು ತಳ್ಳಿಹಾಕುವಂತಿರಲಿಲ್ಲ. ಅವನ ಅಪ್ಪ ಊರವರ ಮೆರವಣಿಗೆಗಳ ಮುಂದೆ ಬದುಕಿಡೀ ಹಲಗೆ ಬಡಿದವನು. ಬಡಿದಾದ ಮೇಲೆ ಅಂಗಳದಾಚೆ ನಿಂತು, ಹಾಕಿದ್ದನ್ನು ಟವಲಿನಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಅಂಥವನ ಮಗ, ಈಗ ಜಗಳೂರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಒಬ್ಬ ವಾದ್ಯಗಾರನನ್ನು ಕರೆಸಿದರೆ ಮೊದಲು ಕುರ್ಚಿ, ಆಮೇಲೆ ಶಾಲು, ಕೊನೆಗೆ ವಾದ್ಯ. ಜನರೇಟರಿಗೆಂದು ಎತ್ತಿಟ್ಟ ದುಡ್ಡೂ ಶಾಲು, ಪೇಟಗಳಿಗೇ ಹೋಗಿತ್ತು.

ಬೀರಲಿಂಗಪ್ಪ ಹುಟ್ಟಿದ್ದು ಇದೇ ಸೀಮೆಯ ಕುರಿ ಸಾಕುವವರ ಮನೆಯಲ್ಲಿ. ಬೆಂಗಳೂರಿಗೆ ಹೋಗಿ ರಾಕ್ ಬ್ಯಾಂಡ್ ಸೇರಿದವನು. ಕೆಂಚೇಶ್ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಗ ಆ ಬ್ಯಾಂಡು ಕಾಲೇಜಿಗೆ ಬಂದಿತ್ತು. ಹಾಡೆಲ್ಲ ಇಂಗ್ಲಿಷು, ಒಂದು ಅಕ್ಷರ ತಲೆಗೆ ಹೋಗಲಿಲ್ಲ. ಕೊನೆಗೆ ಹಾಡುವವನು ಸುಮ್ಮನಾಗಿ ಗಿಟಾರ್ ಒಂದೇ ಉಳಿದಾಗ, ಆ ತಂತಿಗಳೊಳಗಿಂದ ಹಲಗೆಯ ಏಟು ಎದ್ದು ಬಂತು. ತನ್ನ ಅಪ್ಪ ಏನು ಮಾಡುತ್ತಾನೆಂದು ಯಾರಿಗೂ ಹೇಳದೆ ಬದುಕುತ್ತಿದ್ದ ಹುಡುಗ ಅವತ್ತು ಕುರ್ಚಿ ಹತ್ತಿ ನಿಂತು ಕೂಗಿದ್ದ. ಅದನ್ನು ಇನ್ನೊಮ್ಮೆ ಕೇಳಬೇಕೆಂದೇ ಈಗ ಈ ಮನುಷ್ಯನನ್ನು ಹುಡುಕಿ ಫೋನು ಮಾಡಿದ್ದು.

"ಬರ್ತೀನಿ ಬಿಡಪ್ಪ," ಎಂದಿದ್ದ ಬೀರಲಿಂಗಪ್ಪ. "ಮುಂದಿನ ವಾರ ಎಡಗೈ ಆಪರೇಷನ್ ಐತೆ. ಆಮೇಲೆ ಉಣ್ಣಾಕೆ ಬರ್ತೈತಂತೆ, ನುಡಿಸಾಕೆ ಬರಲ್ವಂತೆ. ನೀ ಕೇಳಿದ್ದನ್ನ ನಿಮ್ಮೂರಾಗೇ ನುಡಿಸಿ ಮುಗಿಸ್ತೀನಿ."

ಎಂಟನೆಯ ಶಾಲು ಮುಗಿದು ಮುಖ್ಯ ಅತಿಥಿಯ ಭಾಷಣ ಶುರುವಾಯಿತು. ಚನ್ನಗಿರಿಯ ಅಡಿಕೆ ವ್ಯಾಪಾರಿ ಗುರುಬಸವರಾಜ್, ಭವನಕ್ಕೆ ಕುರ್ಚಿ ಕೊಡಿಸಿದವರು. ಅವರ ಭಾಷಣ ಹನುಮಂತನ ಬಾಲದಂತೆ ಬೆಳೆಯಿತು. "ಸಂಗೀತಕ್ಕೆ ಎಂಥಾ ಶಕ್ತಿ ಐತೆ ಅಂದ್ರೆ," ಎನ್ನುವಷ್ಟರಲ್ಲಿ ಮೈಕು ಸತ್ತಿತು. ಫ್ಯಾನುಗಳು ನಿಧಾನವಾದವು. ಗಿಟಾರಿಗೆ ಜೋಡಿಸಿದ್ದ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಕೆಂಪು ದೀಪವೂ ಆರಿತು.

ಅತಿಥಿ ಗಡಿಯಾರ ನೋಡಿಕೊಂಡು ಎದ್ದರು. ಕೆಂಚೇಶ್ ಆರಿದ ದೀಪದ ಕಡೆ ನೋಡಿದ. ಆದರೂ ಬಂದವರನ್ನು ಕಾರಿನವರೆಗೆ ಕಳಿಸಿಕೊಡದೆ ಹೇಗೆ? ಬೀರಲಿಂಗಪ್ಪನಿಗೆ, "ಕುಂದ್ರಿ ಸರ್, ಬಂದೆ," ಎಂದು ಸನ್ನೆ ಮಾಡಿ ಹಿಂದೆಯೇ ಹೋದ.

ರಸ್ತೆ ತುಂಬ ಕುರಿಮಂದೆ. ಕಾರು ಕದಲಲಿಲ್ಲ. ಗುರುಬಸವರಾಜ್ ಗಾಜು ಇಳಿಸಿ, ಕೆಂಚೇಶನ ಕೈ ಹಿಡಿದುಕೊಂಡು, ತಮ್ಮ ತಾಯಿಯ ರಕ್ತಪರೀಕ್ಷೆಯ ವಿಷಯ ಎತ್ತಿದರು. ಅವನು ಹೂಂ, ಹೂಂ ಅನ್ನುತ್ತ ಭವನದ ಕಡೆ ನೋಡುತ್ತಿದ್ದ. ಅಲ್ಲಿಂದ ಏನೂ ಕೇಳುತ್ತಿರಲಿಲ್ಲ. ಕರೆಂಟಿಲ್ಲದೆ ನುಡಿಸುವುದಾದರೂ ಹೇಗೆ ಎಂದು ಸಮಾಧಾನ ಮಾಡಿಕೊಂಡ.

ಕಾರು ಹೋದ ಮೇಲೆ ಓಡಿಬಂದು ಬಾಗಿಲಲ್ಲಿ ನಿಂತ. ಕುರ್ಚಿಗಳೆಲ್ಲ ಖಾಲಿ. ಇಡೀ ಸಭೆ ವೇದಿಕೆಯನ್ನು ಮುತ್ತಿಕೊಂಡು, ಉಸಿರು ಬಿಗಿಹಿಡಿದು ಬಾಗಿತ್ತು. ತಲೆಗಳ ಸಂದಿಯಲ್ಲಿ ಬೀರಲಿಂಗಪ್ಪ ಕಂಡ. ಶಾಲು, ಪೇಟ ಪಕ್ಕಕ್ಕಿಟ್ಟು, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವನ ಬೆರಳುಗಳು ತಂತಿಗಳ ಮೇಲೆ ಓಡುತ್ತಿದ್ದವು, ಬಲಗೈ ಏಟಿನ ಮೇಲೆ ಏಟು ಹಾಕುತ್ತಿತ್ತು. ಕೆಂಚೇಶನಿಗೆ ಎಲ್ಲವೂ ಕಾಣುತ್ತಿತ್ತು, ಒಂದು ಸ್ವರವೂ ಕೇಳುತ್ತಿರಲಿಲ್ಲ.

"ದಾರಿ ಬಿಡ್ರಿ," ಎಂದು ನುಗ್ಗಿದ. "ಶ್!" ಎಂದು ಯಾರೋ ತಿರುಗಿ ನೋಡದೆ ಗದರಿದರು. ಅವನು ಮುಂದೆ ತಲುಪುವಷ್ಟರಲ್ಲಿ ಚಪ್ಪಾಳೆ ಎದ್ದಿತ್ತು.

"ನಿನ್ನನ್ನೇ ಕಾಯ್ತಿದ್ದೆ ಕಣಪ್ಪ," ಎಂದ ಬೀರಲಿಂಗಪ್ಪ. "ಬೆರಳು ಸೆಟೆಯಾಕೆ ಹತ್ತಿದ್ವು. ತಡದ್ರೆ ಆಗ್ತಿರ್ಲಿಲ್ಲ."

ಇನ್ನೊಂದು ಸಲ ಎನ್ನುವ ಮಾತು ಕೆಂಚೇಶನ ನಾಲಿಗೆಯ ತುದಿಗೆ ಬಂದಿತ್ತು. ಮುದುಕ ತನ್ನ ಎಡಗೈ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸುತ್ತಿದ್ದ. ಅದನ್ನು ನೋಡಿ, ಗಿಟಾರನ್ನು ತಾನೇ ಎತ್ತಿಕೊಂಡ.

ಬೀರಲಿಂಗಪ್ಪನನ್ನು ಬಸ್ಸಿಗೆ ಹತ್ತಿಸಿ ಬಂದಾಗ ಭವನದಲ್ಲಿ ಯಶೋಧರಾ ಒಬ್ಬಳೇ ಇದ್ದಳು. ಕರೆಂಟ್ ಬಂದು ಫ್ಯಾನು ತಿರುಗುತ್ತಿತ್ತು. ಎಂಟು ಶಾಲುಗಳೂ ಕುರ್ಚಿಯ ಮೇಲಿದ್ದವು. ಮುದುಕ ಒಂದನ್ನೂ ಒಯ್ದಿರಲಿಲ್ಲ.

"ನಾವು ಹತ್ರ ಕುಂತೋರಿಗಷ್ಟೇ ಕೇಳ್ತು," ಎಂದಳು ಅವಳು. "ಮಾವ ಹಲಗೆ ಬಡ್ಯಾಕೆ ನಿಂತಂಗೇ ಇತ್ತು ಕಣ್ರಿ."

ಕೆಂಚೇಶ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಯಶೋಧರಾ ಶಾಲು ಮಡಚುತ್ತ, ತನಗೇ ಗೊತ್ತಿಲ್ಲದಂತೆ ಏನನ್ನೋ ಗುನುಗುತ್ತಿದ್ದಳು. ಫ್ಯಾನಿನ ಸದ್ದಿನಲ್ಲಿ ಅದು ಸರಿಯಾಗಿ ಕೇಳುತ್ತಿರಲಿಲ್ಲ. ಅವನು ಕುರ್ಚಿ ಕೆಳಗಿಟ್ಟು, ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ ಆಫ್ ಮಾಡಿದ.

"ಸೆಕೆ ಐತಲ್ರೀ, ಯಾಕೆ ಆಫ್ ಮಾಡಿದ್ರಿ?"

"ಈಗ ಗುನುಗಿದ್ಯಲ್ಲ, ಅದನ್ನ ಇನ್ನೊಂದ್ಸಲ ಅನ್ನು."

"ಯಾವ್ದನ್ನ?"

ಅರ್ಧ ಮಡಚಿದ ಶಾಲು ಹಿಡಿದುಕೊಂಡು ಅವಳು ನೆನಪಿಸಿಕೊಳ್ಳಲು ನೋಡಿದಳು. ಫ್ಯಾನು ಇನ್ನೆರಡು ಸುತ್ತು ತಿರುಗಿ ನಿಂತಿತು.