ಕೊನೆಯ ಎರಡು ಅಂಕಿ

"ಇನ್ನೊಂದು ಗೇಣು ಈ ಕಡೆ ಎಳೀರಿ. ಒಂದೇ ಗೇಣು," ಎಂದು ಭಾವಮೈದುನ ಏದುಸಿರು ಬಿಟ್ಟ. ಬಟ್ಟೆಯ ಕಪಾಟಿನ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ತಂಗಿ ಭುಜ ಕೊಟ್ಟು ನಿಂತಿದ್ದರು. ಆಸ್ಪತ್ರೆಯಿಂದ ತಂದ ಪ್ರೂಫಣ್ಣನನ್ನು ಮಲಗಿಸಲು ಮುಂದಿನ ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ ಆಗಬೇಕಿತ್ತು. ಬದುಕಿದ್ದಷ್ಟು ದಿನ ಎಲ್ಲಿ ಹೋದರೂ ಮೂಲೆ ಹುಡುಕಿ ಮುದುಡಿ ಕೂರುತ್ತಿದ್ದ ಮನುಷ್ಯನಿಗೆ ಈವತ್ತು ಕೋಣೆಯ ನಟ್ಟನಡುವೆಯೇ ಜಾಗ ಬೇಕಾಯಿತು, ನೋಡಿ.

ಕಪಾಟು ಕಿರ್ರೆಂದು ಸರಿಯಿತು. ಹಿಂದಿನ ಗೋಡೆಯಲ್ಲಿ ಬಣ್ಣ ಕಾಣದ ಒಂದು ಚೌಕ ಹೊರಬಿತ್ತು. "ಕಪಾಟು ಸರಿಸೋಕೆ ಸೋಮಾರಿತನ ಪಟ್ಟು ಹಾಗೇ ಬಿಟ್ಟಿದಾರೆ ಕಳ್ಳರು," ಎಂದ ಭಾವಮೈದುನ. "ಬಣ್ಣ ಹೊಡೆದಿದ್ದು ಯಾರಂತೀರಾ? ನಾನೇ." ನಗಲು ಹೋಗಿ ಅವನ ಮುಖ ಸೊಟ್ಟಗಾಯಿತು. ಅಕ್ಕನ ಗಂಡನೆಂದರೆ ಅವನಿಗೆ ತುಂಬ ಇಷ್ಟ.

ತಂಗಿ ಈ ಮನೆಯವರಿಗೆ ರಕ್ತಸಂಬಂಧವೇನೂ ಅಲ್ಲ. ಏಳು ಜನರ ಪುಟ್ಟ ಜಾಹೀರಾತು ಕಂಪನಿಯಲ್ಲಿ ಅವಳು ಡಿಸೈನರು, ಪ್ರೂಫಣ್ಣ ಅಕ್ಷರ ತಿದ್ದುವವರು. ಒಂಬತ್ತು ವರ್ಷ ಒಂದೇ ಮೇಜು. ಅವರು "ತಂಗೀ" ಎಂದು ಕರೆದದ್ದೇ ಆಫೀಸಿನಲ್ಲಿ ಹೆಸರಾಗಿ ನಿಂತಿತ್ತು.

ಬ್ಯಾಗಿನಲ್ಲಿ ಫೋನು ನಡುಗುತ್ತಲೇ ಇತ್ತು. ಬೆಳಗಿನಿಂದ ಹನ್ನೊಂದನೆಯ ಸಲ. ಆಫೀಸಿನ ಟೆಲಿಫೋನು ನೋಡಿಕೊಳ್ಳುವ ಫೋನಕ್ಕ ಹತ್ತಿರ ಬಂದು ಮೊಣಕೈಯಲ್ಲಿ ತಿವಿದಳು.

"ಎತ್ತೇ ತಾಯಿ. ನಿಂದು ಎತ್ತದಿದ್ರೆ ನಂದಕ್ಕೆ ಮಾಡ್ತಾನೆ ದೊರೆ."

"ಏನಂತೆ?"

"ಹಾರ ತಗೊಂಡು ಬರ್ತಾನಂತೆ. ನೀನು ಎಲ್ಲೂ ಹೋಗಕೂಡದಂತೆ. ಹೇಗಾಯ್ತು ಅಂತ ಕೇಳ್ದ. ನಿನ್ನೆ ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ರು, ಸರದಿ ಕಾಯ್ತಾ ಬೆಂಚಿನ ಮೇಲೆ ಕೂತಲ್ಲೇ ಹೋಗ್ಬಿಟ್ರು ಅಂದೆ. 'ಕಣ್ಣಿನ ಡಾಕ್ಟರಾ?' ಅಂತ ಎರಡೆರಡು ಸಲ ಕೇಳ್ದ. ಪಾಪ, ಅವನಿಗೂ ಹೊಟ್ಟೆ ಚುರುಕ್ ಅಂದಿರಬೇಕು."

ದೊರೆಗೆ ಹೊಟ್ಟೆ ಚುರುಕ್ಕೆನ್ನುವುದು! ತಂಗಿ ಕಪಾಟಿಗೆ ಒರಗಿ ನಿಂತಳು.

* * *

ಆಫೀಸೆಂದರೆ ಎರಡನೆಯ ಮಹಡಿಯಲ್ಲಿ ಮೂರು ಕೋಣೆ, ಒಂದು ಕಿಟಕಿ. ಆ ಕಿಟಕಿ ದೊರೆಯ ಕೋಣೆಯಲ್ಲಿತ್ತು. ಯಜಮಾನನಿಗೆ ದೊರೆ ಎಂದು ಹೆಸರಿಟ್ಟವರು ಎಂದೋ ಕೆಲಸ ಬಿಟ್ಟು ಹೋಗಿದ್ದರು. ಬಿಟ್ಟು ಹೋದವರ ಬಗ್ಗೆ ದೊರೆ ಊರಿನ ಎಲ್ಲ ಕಂಪನಿಗಳಿಗೂ ತಾನೇ ಫೋನ್ ಮಾಡಿ "ಒಳ್ಳೆ ಹುಡುಗ, ಆದರೆ ಕೈ ಅಷ್ಟು ಶುದ್ಧ ಇಲ್ಲ" ಎನ್ನುತ್ತಿದ್ದ. ಆದ್ದರಿಂದ ಉಳಿದವರು ಉಳಿದಿದ್ದರು.

ದೊರೆ ಯಾವುದನ್ನೂ ಬರೆದು ಕೊಡುತ್ತಿರಲಿಲ್ಲ. ಅವನ ಆಡಳಿತದ ಗುಟ್ಟೇ ಅದು. ಬಾಯಲ್ಲಿ ಹೇಳುವುದು, ಫೋನಿನಲ್ಲಿ ಹೇಳುವುದು, ಮೆಟ್ಟಿಲಿಳಿಯುತ್ತಾ ಹಿಂತಿರುಗಿ ಕೂಡ ನೋಡದೆ ಹೇಳುವುದು. ಕೆಲಸ ಚೆನ್ನಾಗಿ ಬಂದರೆ ಅದು ಅವನ ತಲೆ. ಕೆಟ್ಟರೆ, "ನಾನು ಹೇಳ್ದೆ ಅಂತ ಎಲ್ಲಾದ್ರೂ ಬರೆದಿದೆಯಾ? ತೋರ್ಸಿ!"

ಆ ಆಫೀಸಿನಲ್ಲಿ ಸಹಿ ಹಾಕುತ್ತಿದ್ದವರು ಪ್ರೂಫಣ್ಣ ಒಬ್ಬರೇ. ಪ್ರತಿ ಜಾಹೀರಾತಿನ ಕೊನೆಯ ಪ್ರತಿಯ ಮೂಲೆಯಲ್ಲಿ 'ನೋಡಿದೆ, ಸರಿಯಿದೆ' ಎಂದು ಬರೆದು ಹೆಸರು, ತಾರೀಕು, ಗಂಟೆ ಹಾಕುವರು. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಇದು ಅವರೇ ಮಾಡಿಕೊಂಡ ಕಾನೂನು. "ಇಪ್ಪತ್ತೊಂದು ವರ್ಷದಿಂದ ಊರಿನ ತಪ್ಪೆಲ್ಲ ಹುಡುಕಿದೀನಿ ತಂಗೀ," ಎನ್ನುತ್ತಿದ್ದರು, "ನಿಮ್ಮತ್ತಿಗೆ ಹತ್ರ ಮಾತ್ರ ಇನ್ನೂ ಒಂದೂ ಸಿಕ್ಕಿಲ್ಲ. ಬಚ್ಚಿಟ್ಟಿದಾಳೆ ಎಲ್ಲೋ."

ಹೋದ ಶನಿವಾರ ಒಂದು ಆಸ್ಪತ್ರೆಯ ಪುಟ ತುಂಬುವ ಜಾಹೀರಾತು ಪತ್ರಿಕೆಗೆ ಹೋಗಬೇಕಿತ್ತು. ಹೊಸ ತುರ್ತು ಚಿಕಿತ್ಸಾ ವಿಭಾಗ, ನಡುವೆ ಅಂಗೈಯಗಲದ ಅಕ್ಷರದಲ್ಲಿ ಫೋನ್ ನಂಬರು. ಪ್ರೂಫಣ್ಣ ಒಂದೊಂದು ಅಂಕಿಯ ಕೆಳಗೂ ಚುಕ್ಕಿ ಇಟ್ಟು ಐದು ಗಂಟೆಗೆ ಸಹಿ ಹಾಕಿ ಮನೆಗೆ ಹೋದರು. ಆರೂವರೆಗೆ ದೊರೆಯ ಫೋನು ಬಂತು.

"ಕೊನೇ ಎರಡು ಅಂಕಿ ನಲವತ್ತೇಳು ಅಲ್ಲ, ಎಪ್ಪತ್ನಾಲ್ಕು. ಬದಲಾಯಿಸು."

"ಸರ್, ಪ್ರೂಫಣ್ಣ ಸಹಿ ಹಾಕಿದಾರೆ. ಅವರಿಗೊಂದು ಮಾತು ಕೇಳಿ..."

"ನಾನು ಯಜಮಾನನೋ ಅವನು ಯಜಮಾನನೋ? ಏಳಕ್ಕೆ ಫೈಲ್ ಹೋಗ್ಬೇಕು."

ಫೋನಿನಲ್ಲಿ ಅವನ ಹಿಂದೆ ಯಾರೋ ನಗುವುದು, ಲೋಟಗಳ ಸದ್ದು ಕೇಳಿಸುತ್ತಿತ್ತು. ತಂಗಿ ಎರಡು ಅಂಕಿಗಳನ್ನು ಬದಲಾಯಿಸಿದಳು. ಒಂದು ನಿಮಿಷ ಕೂಡ ಹಿಡಿಯಲಿಲ್ಲ.

* * *

ಹನ್ನೊಂದಕ್ಕೆ ದೊರೆ ಸಾವಿನ ಮನೆಗೆ ಬಂದ. ಬೂಟು ಕಳಚಿ ಒಳಗೆ ಹೋಗಿ ಹಾರ ಹಾಕಿ, ಅತ್ತಿಗೆಯ ಮುಂದೆ ತಲೆ ತಗ್ಗಿಸಿ ಏನೋ ಮೆಲ್ಲಗೆ ಹೇಳಿದ. ಆಮೇಲೆ ತಂಗಿಗೆ ಕಣ್ಣಲ್ಲೇ 'ಬಾ' ಎಂದು ಸನ್ನೆ ಮಾಡಿದ. ಹೊರಗೆ ಮೆಟ್ಟಿಲ ಬಳಿ, ಕರೆಂಟ್ ಮೀಟರಿನ ಪಕ್ಕ, ಕಂಕುಳಲ್ಲಿದ್ದ ಪ್ಲಾಸ್ಟಿಕ್ ಫೋಲ್ಡರಿನಿಂದ ಒಂದು ಕಾಗದ ತೆಗೆದ. ಜನ್ಮದಲ್ಲಿ ಮೊದಲ ಸಲ ದೊರೆ ಬರೆದು ತಂದಿದ್ದ.

"ಹನ್ನೆರಡರೊಳಗೆ ಆಸ್ಪತ್ರೆಯವರಿಗೆ ಮುಟ್ಟಬೇಕು. ಒಂದು ಸಹಿ, ಅಷ್ಟೆ."

ತಂಗಿ ಓದಿದಳು. 'ಸದರಿ ನೌಕರರು ಕೆಲಕಾಲದಿಂದ ದೃಷ್ಟಿದೋಷದಿಂದ ಬಳಲುತ್ತಿದ್ದು, ಅದನ್ನು ಸಂಸ್ಥೆಯಿಂದ ಮರೆಮಾಚಿದ್ದರು. ಅವರು ಅನುಮೋದಿಸಿದ ಪ್ರತಿಯಲ್ಲಿ ಆನಂತರ ಯಾವುದೇ ಬದಲಾವಣೆ ಆಗಿಲ್ಲವೆಂದು ನಾನು ದೃಢೀಕರಿಸುತ್ತೇನೆ.' ಕೆಳಗೆ ಅವಳ ಹೆಸರು, ಅದರ ಮೇಲೆ ಖಾಲಿ ಜಾಗ.

"ಸರ್, ಬದಲಾಯಿಸಿದ್ದು ನಾವು."

"ನಾವು ಅಂದ್ರೆ? ಕಂಪ್ಯೂಟರ್ ಮುಂದೆ ಕೂತಿದ್ದು ಯಾರಮ್ಮಾ? ನಾನು ಹೇಳ್ದೆ ಅನ್ನೋಕೆ ಏನಿದೆ ನಿನ್ ಹತ್ರ?" ದೊರೆ ಧ್ವನಿ ಏರಿಸಲೇ ಇಲ್ಲ. "ಬೇಡ ಅಂದ್ರೆ ಬಿಡು. ಅವನ ಹೆಸರಿರೋ ಕಡೆ ನಿನ್ನ ಹೆಸರು ಬರೀತೀನಿ. ಆಮೇಲೆ ಈ ಊರಲ್ಲಿ ಯಾರು ನಿನ್ನ ಬಾಗಿಲೊಳಗೆ ಬಿಟ್ಕೋತಾರೆ ನೋಡೋಣ. ಮಗಳಿದಾಳೆ, ಹಾಸಿಗೆ ಹಿಡಿದಿರೋ ತಾಯಿ ಇದಾರೆ. ಯೋಚ್ನೆ ಮಾಡು. ಸತ್ತವನಿಗೆ ಇದರಿಂದ ಏನಾಗತ್ತೆ, ಹೇಳು?"

ಇಡೀ ಪ್ರಪಂಚದಲ್ಲಿ ತನ್ನ ಪರವಾಗಿ ಮಾತಾಡುವ ಒಬ್ಬರೇ ಒಬ್ಬರು ಒಳಗೆ ಮಂಚದ ಮೇಲೆ ಮಲಗಿದ್ದಾರೆ ಎಂದು ತಂಗಿಗೆ ಅನ್ನಿಸಿತು. ಅವಳು ಕಾಗದವನ್ನು ಅವರದೇ ಮನೆಯ ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದಳು. ಗೋಡೆ ಉಬ್ಬುತಗ್ಗಾಗಿದ್ದು, ಪೆನ್ನು ಒಂದು ಕಡೆ ಕಾಗದವನ್ನು ತೂತು ಮಾಡಿತು. "ಪರವಾಗಿಲ್ಲ ಬಿಡು," ಎಂದ ದೊರೆ.

* * *

ಹೋದ ಭಾನುವಾರ ಜಾಹೀರಾತು ಅಚ್ಚಾಗಿ ಬಂದಿತ್ತು; ಅದರಲ್ಲಿದ್ದ ನಂಬರು ಒಬ್ಬ ಟೈಲರನ ಅಂಗಡಿಯದು. ದಿನವಿಡೀ ಆಂಬುಲೆನ್ಸ್ ಕಳಿಸಿ, ಉಸಿರಾಡ್ತಿಲ್ಲ, ಬೇಗ ಬನ್ನಿ ಎಂದು ಜನ ಆ ಬಡಪಾಯಿಗೆ ಗೋಗರೆದರಂತೆ. ಸಂಜೆಯ ಹೊತ್ತಿಗೆ ಅವನೇ ಅಳುತ್ತಾ ಪತ್ರಿಕೆಯವರಿಗೆ ಫೋನ್ ಮಾಡಿದ.

ಸೋಮವಾರ ದೊರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಫೋನಿನ ಸ್ಪೀಕರ್ ಹಾಕಿ, ಆಸ್ಪತ್ರೆಯವರ ಹತ್ತಿರ ಪ್ರೂಫಣ್ಣನ ಬಾಯಲ್ಲೇ "ನನ್ನ ಕಣ್ತಪ್ಪಿನಿಂದ ಆಯಿತು, ಕ್ಷಮಿಸಿ" ಎಂದು ಮೂರು ಸಲ ಹೇಳಿಸಿದ. ಸಹಿ ಹಾಕಿದ ಪ್ರತಿಯನ್ನು ಒಮ್ಮೆ ತೋರಿಸಿ ಎಂದು ಪ್ರೂಫಣ್ಣ ಕೇಳಿಕೊಂಡರು. ಅದು ದೊರೆಯ ಬೀರುವಿನಲ್ಲಿತ್ತು. "ತೋರಿಸಿ ಏನು, ಕಾಣ್ಸತ್ತಾ ನಿನಗೆ?" ಎಂದ ದೊರೆ. ಯಾರೋ ಕಿಸಕ್ಕೆಂದರು. ತಂಗಿ ಅವರ ಪಕ್ಕದಲ್ಲೇ ನಿಂತಿದ್ದಳು.

ಯಾರಿಗೂ ಏನೂ ಆಗಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಪ್ರೂಫಣ್ಣ ಅದನ್ನು ನಂಬಲಿಲ್ಲ. "ನಮಗೆ ಗೊತ್ತಾಗೋದು ಫೋನ್ ಮಾಡಿದವರ ವಿಷ್ಯ ತಂಗೀ. ಮಾಡಿ ಸಾಕಾಗಿ ಸುಮ್ಮನಾದವರು?" ಎಂದು ಕೇಳುವರು. ಮಂಗಳವಾರ, ಬುಧವಾರ, ಗುರುವಾರ, ಪತ್ರಿಕೆಯ ಆ ಪುಟವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಬಿಡಿಸುವುದು, ಕಿಟಕಿಯಿಲ್ಲದ ಕೋಣೆಯ ದೀಪದ ಕೆಳಗೆ ಹಿಡಿಯುವುದು, ದೂರ ಹಿಡಿಯುವುದು, ಹತ್ತಿರ ಹಿಡಿಯುವುದು. "ಚುಕ್ಕಿ ಇಟ್ಟ ನೆನಪಿದೆ. ನಲವತ್ತೇಳರ ಕೆಳಗೇ ಇಟ್ಟೆ. ಅಥವಾ ಹಾಗಂದ್ಕೊಂಡ್ನಾ?"

ತಂಗಿ ದಿನಾ ಹೇಳಿಬಿಡಬೇಕೆಂದು ಬರುವಳು. ಹೇಳಿದರೆ ಅವರು ನೆಟ್ಟಗೆ ದೊರೆಯ ಕೋಣೆಗೆ ನುಗ್ಗುತ್ತಾರೆ, ದೊರೆ ತನ್ನನ್ನು ಹಿಡಿಯುತ್ತಾನೆ. ನಾಳೆ ಹೇಳೋಣ ಎಂದು ಮನೆಗೆ ಹೋಗುವಳು. ಶುಕ್ರವಾರ ಕಣ್ಣು ತೋರಿಸಲೆಂದು ಅವರು ರಜೆ ಹಾಕಿದ್ದರು.

* * *

ತಂಗಿ ಒಳಗೆ ಬಂದಾಗ ಅತ್ತಿಗೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಒಂದು ಕೇಳ್ತೀನಿ. ನಿಜ ಹೇಳ್ಬೇಕು ನೀನು."

"ಕೇಳಿ ಅತ್ತಿಗೆ."

"ಅಷ್ಟೊಂದು ಹೋಗಿತ್ತಾ ಇವರ ಕಣ್ಣು? ಹೋದ ವಾರ ಕೂಡ ಸೂಜಿಗೆ ದಾರ ಪೋಣಿಸಿ ಕೊಟ್ರು ಕಣೇ ನಂಗೆ, ಒಂದೇ ಸಲಕ್ಕೆ. ಈಗ ನಿಮ್ಮ ಯಜಮಾನ್ರು ಬಂದು, ಕಣ್ಣು ಪೂರ್ತಿ ಹೋಗಿತ್ತು, ಮನೇಲಿ ಯಾರೂ ಗಮನಿಸ್ಲಿಲ್ವಾ ಅಂದ್ರು. ಇಪ್ಪತ್ತೆಂಟು ವರ್ಷ ಜೊತೇಲಿದ್ದು ಗಂಡನ ಕಣ್ಣು ಹೋಗಿದ್ದು ಗೊತ್ತಾಗ್ಲಿಲ್ಲ ಅಂದ್ರೆ ನಾನೆಂಥಾ ಹೆಂಗಸು? ಮೊದಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ."

ಅತ್ತಿಗೆ ಅಳುತ್ತಿರಲಿಲ್ಲ. ಉತ್ತರಕ್ಕಾಗಿ ತಂಗಿಯ ಮುಖವನ್ನೇ ನೋಡುತ್ತಿದ್ದರು.

"ಕಣ್ಣು ಸರಿಯಾಗಿತ್ತು ಅತ್ತಿಗೆ," ಎಂದಳು ತಂಗಿ. "ಅಣ್ಣ ಸರಿಯಾಗೇ ನೋಡಿದ್ರು. ಅವರು ಮನೆಗೆ ಹೋದ ಮೇಲೆ ನಂಬರ್ ಬದಲಾಯಿಸಿದ್ದು ನಾನು. ದೊರೆ ಫೋನಲ್ಲಿ ಹೇಳ್ದ, ನಾನು ಮಾಡ್ದೆ."

"ಇವರಿಗೆ ಹೇಳ್ಲಿಲ್ವಾ?"

"ಇಲ್ಲ."

"ನಾಲ್ಕು ದಿನ? ಪಕ್ಕದಲ್ಲೇ ಕೂತ್ಕೊಂಡು?"

"ಹೆದರಿಕೆ ಆಯ್ತು ಅತ್ತಿಗೆ. ಈಗ ಹೊರಗೆ ಸುಳ್ಳು ಕಾಗದಕ್ಕೂ ಸಹಿ ಹಾಕಿ ಬಂದೆ."

ಅತ್ತಿಗೆ ಅವಳ ಕೈ ಬಿಟ್ಟರು. ಹೊಡೆಯುತ್ತಾರೆಂದು ತಂಗಿ ಕಾದಳು, ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಬೀದಿಯಲ್ಲಿ ಹೆಣದ ವ್ಯಾನು ಒಮ್ಮೆ ಹಾರ್ನ್ ಹೊಡೆಯಿತು. "ಅಕ್ಕಾ, ಹೊತ್ತಾಯ್ತು," ಎಂದು ಭಾವಮೈದುನ ಬಾಗಿಲಲ್ಲಿ ಇಣುಕಿದ.

"ಕಾಯ್ಲಿ," ಎಂದರು ಅತ್ತಿಗೆ. ಆಮೇಲೆ ತಂಗಿಯ ಕಡೆ ತಿರುಗಿ, "ನಂಗೇನಕ್ಕೆ ಹೇಳ್ತೀಯ? ನಾನೇನು ರಾತ್ರಿಯೆಲ್ಲ ಆ ಪೇಪರಿನ ಪುಟ ಹಿಡ್ಕೊಂಡು ಕೂತಿದ್ನಾ? ಅವರಿಗೆ ಹೇಳು."

ಕೋಣೆಯಲ್ಲಿದ್ದ ಹತ್ತಿಪ್ಪತ್ತು ಜನ ಹತ್ತಿರ ಸರಿದರು. ತಂಗಿ ಮಂಚದ ಪಕ್ಕ ಮಂಡಿಯೂರಿ, ಅವರ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದಳು. ತನ್ನ ಮಾತು ತನಗೇ ಕೇಳಿಸಲಿಲ್ಲ.

"ಆ ಕಿವಿ ಕೇಳ್ಸಲ್ಲ ಅವರಿಗೆ," ಎಂದರು ಅತ್ತಿಗೆ. "ಚಿಕ್ಕಂದಿನಿಂದಲೂ ಅಷ್ಟೆ. ಗೊತ್ತಾದ್ರೆ ಕೆಲಸದಿಂದ ತೆಗೀತಾನೆ ಅಂತ ಆಫೀಸಲ್ಲಿ ಬಾಯಿ ಬಿಟ್ಟಿರ್ಲಿಲ್ಲ. ಈ ಕಡೆ ಬಾ."

ಒಂಬತ್ತು ವರ್ಷ ಅವರ ಬಲಗಡೆಯೇ ಕೂತಿದ್ದವಳಿಗೆ ಇದು ಗೊತ್ತಿರಲಿಲ್ಲ. ಅವಳು ಎದ್ದು, ಕಪಾಟಿಗೂ ಮಂಚಕ್ಕೂ ನಡುವೆ ತೂರಿಕೊಂಡು ಆ ಬದಿಗೆ ಹೋದಳು. ಅತ್ತಿಗೆ ಬಗ್ಗಿ, ಗಂಡನ ಬಲಗಿವಿಯಲ್ಲಿಟ್ಟಿದ್ದ ಹತ್ತಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತೆಗೆದರು.

"ಈಗ ಹೇಳು. ಜೋರಾಗಿ."

ಬಾಗಿಲಲ್ಲಿ ದೊರೆ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಫೋಲ್ಡರು ಕಂಕುಳಲ್ಲಿತ್ತು.

"ಅಣ್ಣಾ!" ಎಂದಳು ತಂಗಿ. ಧ್ವನಿ ಒಡೆದು ಬೀದಿಯವರೆಗೂ ಹೋಯಿತು. "ನೀವು ಸಹಿ ಹಾಕಿದಾಗ ನಲವತ್ತೇಳೇ ಇತ್ತು. ಎಪ್ಪತ್ನಾಲ್ಕು ಮಾಡಿದ್ದು ನಾನು. ಮಾಡು ಅಂದಿದ್ದು ಅಗೋ, ಅಲ್ಲಿ ನಿಂತಿದಾನಲ್ಲ, ಅವನು!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅತ್ತಿಗೆ ಮಾತ್ರ ತಿರುಗಲಿಲ್ಲ. ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು, ಗಂಡನ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದರು.

"ಇನ್ನೊಂದ್ಸಲ ಹೇಳು," ಎಂದರು.