ಕೊಯ್ಯದ ಹೊಲ

"ಕೊಯ್ಲು ಶುರು ಮಾಡ್ರೋ ಸೂಳೆಮಕ್ಕಳಾ, ಹೆಣ ಕೊಡ್ತೀನಿ. ಇಲ್ಲಾಂದ್ರೆ ಇಲ್ಲೇ ನಾರಲಿ."

ಇಷ್ಟು ಹೇಳಿ ಧಣಿ ಜಗಲಿಯಿಂದ ಒಳಗೆ ಹೋದ. ಕಣದ ನಡುವೆ ನನ್ನ ಅಣ್ಣನ ಮಗ ಅಂಗಾತ ಬಿದ್ದಿದ್ದ. ಸುತ್ತ ಧಣಿಯ ಬಂದೂಕಿನವರು. ಉಳುವವನಿಗೆ ಬೆಳೆಯಲ್ಲಿ ಅರ್ಧ ಪಾಲು ಸಿಗುವ ತನಕ ಕುಡುಗೋಲು ಮುಟ್ಟುವುದಿಲ್ಲ ಎಂದು ನಲವತ್ತು ಮನೆಯವರು ಹಟ ಹಿಡಿದು ಕೂತಿದ್ದೆವು. ಆ ಮಾತನ್ನು ನಿನ್ನೆ ಧಣಿಯ ಎದುರು ನಿಂತು ಹೇಳಿದವನು ಇವನು. ಹೇಳಿ ಮುಗಿಸಲೂ ಬಿಡದೆ ಗುಂಡು ಹೊಡೆದಿದ್ದರು.

ಬೇಲಿಯಾಚೆ ನಾವು ಗುಸುಗುಸು ಮಾತಾಡಿಕೊಂಡೆವು. ಪೈರು ಮಾಗಿ ಕಾಳು ಉದುರುತ್ತಿತ್ತು. ಇನ್ನು ನಾಲ್ಕು ದಿನ ತಡೆದರೆ ಧಣಿ ತಾನಾಗಿ ದಾರಿಗೆ ಬರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೆಣದ ಮುಂದೆ ಹಟ ಎಷ್ಟು ಹೊತ್ತು ನಿಂತೀತು? ಮೊದಲು ಹುಡುಗನನ್ನು ಮಣ್ಣು ಮಾಡೋಣ, ಪಾಲಿನ ಮಾತು ಮುಂದಿನ ವರ್ಷ ನೋಡೋಣ ಎಂದರು ಹಿರಿಯರು. ಎಲ್ಲರಿಗಿಂತ ಮೊದಲು ಮನೆಗೆ ಓಡಿ ಕುಡುಗೋಲು ತಂದವನು ನಾನು. ಎತ್ತಿ ಆಡಿಸಿದ ಮಗು ಅದು. ಅದರ ಬಾಯಿಯ ಮೇಲೆ ನೊಣ ಕೂರುವುದನ್ನು ನನ್ನಿಂದ ನೋಡಲಾಗಲಿಲ್ಲ.

ಬದುವಿನ ಮೇಲೆ ಅತ್ತಿಗೆ ಅಡ್ಡ ನಿಂತಿದ್ದಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ.

"ಎಲ್ಲಿಗಪ್ಪಾ ಹೊರಟೆ?"

"ಅವನನ್ನ ಮನೆಗೆ ತರೋಣ ಅತ್ತಿಗೆ."

"ಒಂದು ತೆನೆ ಕೊಯ್ದ್ರೂ ನನ್ನ ಕತ್ತು ಕೊಯ್ದಂಗೆ. ಅವನು ಸತ್ತಿದ್ದು ಯಾತಕ್ಕೆ?"

"ಹೆತ್ತವಳು ನೀನು. ಹೆಣ ಬೇಡ್ವಾ?"

ಅವಳು ಕಣದತ್ತ ನೋಡಿದಳು. "ಬೇಕು ಕಣಪ್ಪಾ. ಕರುಳು ಕಿತ್ತು ಬರ್ತಿದೆ. ಆದ್ರೂ ಕೊಯ್ಬೇಡ."

ನನ್ನ ಕೈಯಿಂದ ಕುಡುಗೋಲು ಕಿತ್ತು ಬೇಲಿಯ ಮುಳ್ಳಿನೊಳಗೆ ಎಸೆದಳು. ನಾಚಿಕೆಯಿಂದ ನಾನು ಕುಗ್ಗಿಹೋದೆ. ನನ್ನ ಹಿಂದೆ ಬಂದವರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.

ಮೂರನೆಯ ದಿನ ಗಾಳಿ ತಿರುಗಿತು. ಧಣಿಯ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ಬಂದೂಕಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ಸರಿದರು. ಆದರೂ ಕಣದೊಳಗೆ ಕಾಲಿಡಲು ನಮ್ಮನ್ನು ಬಿಡಲಿಲ್ಲ.

ಅತ್ತಿಗೆ ಮದುವೆಯಾಗಿ ಬಂದ ವರ್ಷದಿಂದ ಧಣಿಯ ಹೊಲದ ಅಟ್ಟಣೆಯ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸಿದವಳು. ಈಗ ಹಿಂಡು ಹಿಂಡು ಗುಬ್ಬಿ ತೆನೆಗೆ ಇಳಿದರೂ ಅವಳು ಅತ್ತ ತಿರುಗಲಿಲ್ಲ. ಬೇಲಿಗೆ ಒರಗಿ ನಿಂತು, ಕವಣೆಗೆ ಕಲ್ಲಿಟ್ಟು, ಮಗನ ಮೇಲೆ ಇಳಿಯುವ ಕಾಗೆಗಳನ್ನು ಓಡಿಸುತ್ತಿದ್ದಳು. ನಾನು ಕೆಳಗೆ ಕೂತು ಕಲ್ಲು ಆರಿಸಿ ಕೊಡುತ್ತಿದ್ದೆ.