ಸಮ ಅಂತರ

ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ನಾನು ಸಂಡಿಗೆ ಇಡುವಾಗಲೆಲ್ಲ ವಾರಿಜ ನಗುತ್ತಿದ್ದಳು. "ಏನಮ್ಮ ಇದು, ಒಂದು ಅತ್ತೆಮನೇಲಿ, ಇನ್ನೊಂದು ತವರಲ್ಲಿ!" ನನ್ನ ಸಂಡಿಗೆಗಳು ಎಂದೂ ಸಾಲಾಗಿ ಕೂತವಲ್ಲ.

ವಾರಿಜ ನನ್ನ ಹಿರಿಯ ಮಗಳು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಮದುವೆ, ನಾಮಕರಣಗಳ ಬ್ಯಾನರ್ ಮಾಡಿಕೊಡುತ್ತಿದ್ದಳು. ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕೈಗೆ. ಬೆರಳುಗಳು ಮೌಸ್ ಹಿಡಿಯಲಾರದಾದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ನಾನು ಅವಳ ಕೈಯಾದೆ.

"ಕಣ್ಣಳತೆ ಬೇಡಮ್ಮ. ಎಲ್ಲಾನೂ ಒಟ್ಟಿಗೆ ಸೆಲೆಕ್ಟ್ ಮಾಡು. ಮೇಲಿರೋ ಆ ಬಟನ್ ಒತ್ತು, ಒಂದೇ ಗೆರೆಗೆ ಬರ್ತವೆ. ಪಕ್ಕದ್ದು ಒತ್ತು, ನಡುವಿನ ಜಾಗ ಸಮ ಆಗತ್ತೆ."

"ಅಯ್ಯೋ, ಎಲ್ಲ ಓಡಾಡ್ತವಲ್ಲೇ!"

"ತುದೀಲಿರೋ ಎರಡು ಅಲ್ಲಾಡಲ್ಲ. ಮಧ್ಯದವು ಮಾತ್ರ ಸರಿದುಕೊಳ್ತವೆ."

ನಾವಿಬ್ಬರೂ ಕೊನೆಗೆ ಮಾಡಿದ್ದು ಅವಳ ತಂಗಿ ಮೃದುಲಳ ಮದುವೆಯ ಬ್ಯಾನರ್. ವಧೂವರರ ಕೆಳಗೆ ಮನೆಯವರ ಚಿತ್ರಗಳನ್ನು ದುಂಡಗೆ ಕತ್ತರಿಸಿ ಜೋಡಿಸಿದೆವು: ಮಾವನವರು, ನನ್ನ ಯಜಮಾನರು, ವಾರಿಜ, ನಾನು, ನಾದಿನಿ ಪದ್ಮಾಕ್ಷಿ. "ನಾನೇ ಮಧ್ಯ, ಮಾಡಿದವಳು ನಾನಲ್ವಾ!" ಎಂದಳು. ಛತ್ರಕ್ಕೆ ಮೆಟ್ಟಿಲು ಬಹಳ. ಒಳಗೆ ಬರಲಾಗದಿದ್ದರೂ ಈ ಬ್ಯಾನರಿನಲ್ಲಾದರೂ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುತ್ತೇನೆ ಎಂದಳು.

ಮದುವೆಯವರೆಗೆ ಅವಳು ಉಳಿಯಲಿಲ್ಲ. ಮುಂದೆ ಹೋದ ಮುಹೂರ್ತ ಮತ್ತೆ ನಿಗದಿಯಾಯಿತು. ಬ್ಯಾನರನ್ನು ಅಚ್ಚಿಗೆ ಕಳಿಸುವ ಬೆಳಿಗ್ಗೆ ಪದ್ಮಾಕ್ಷಿ ನನ್ನ ಹಿಂದೆ ಬಂದು ನಿಂತಳು.

"ಅತ್ತಿಗೆ, ಹೇಳೋಕೆ ಬಾಯಿ ಬರಲ್ಲ. ಶುಭಕಾರ್ಯದ ಬಾಗಿಲಲ್ಲಿ ಹೋದವರ ಫೋಟೋ ಬೇಡ. ಬೀಗರು ಆಗಲೇ ಕೇಳಿದ್ರು."

ನಾನು ಮೃದುಲಳ ಮುಖ ನೋಡಿದೆ. ಅವಳು ನೆಲ ನೋಡಿದಳು. ವಾರಿಜಳ ಚಿತ್ರವನ್ನು ಅಳಿಸಿದೆ. ಸಾಲಿನ ನಡುವೆ ಬಿಳಿ ಜಾಗ ಉಳಿಯಿತು.

"ಇಷ್ಟಾದರೂ ಹೀಗೇ ಇರಲಿ," ಎಂದೆ.

"ಖಾಲಿ ಬಿಟ್ರೆ ಬಂದವರೆಲ್ಲ ಯಾಕೆ ಅಂತಾರಮ್ಮ." ಮೃದುಲ ತಲೆಯೆತ್ತಿದಳು. "ಧಾರೆ ಸೀರೆ ಉಟ್ಕೊಂಡು ನಾನು ಎಷ್ಟು ಜನಕ್ಕೆ ಹೇಳಲಿ?"

ಉಳಿದವರನ್ನೆಲ್ಲ ಆರಿಸಿ, ವಾರಿಜ ಕಲಿಸಿದ ಬಟನ್ ಒತ್ತಿದೆ. ತುದಿಯ ಮಾವನವರು ಅಲ್ಲಾಡಲಿಲ್ಲ, ಪದ್ಮಾಕ್ಷಿಯೂ ಅಲ್ಲಾಡಲಿಲ್ಲ. ನಾನೂ ನನ್ನ ಯಜಮಾನರೂ ಸದ್ದಿಲ್ಲದೆ ಒಳಕ್ಕೆ ಸರಿದೆವು. ಅಲ್ಲೊಬ್ಬಳಿದ್ದಳು ಎನ್ನುವ ಗುರುತೇ ಉಳಿಯಲಿಲ್ಲ. ಹೆತ್ತವರೇ ಸರಿದು ಅವಳ ಜಾಗ ಮುಚ್ಚಿದ್ದೆವು.

ಬೇಸಿಗೆ ಬಂದಾಗ ಮತ್ತೆ ಸೀರೆ ಹಾಸಿ ಸಂಡಿಗೆಗೆ ಕುಳಿತೆ. ನಡುವೆ ಎಲ್ಲಾದರೂ ಅವಳಿಗೊಂದು ಜಾಗ ಬಿಡಬೇಕೆಂದುಕೊಂಡಿದ್ದೆ. ಕುಕ್ಕರ್ ಕೂಗಿತು. ಕೆಳಗಿಳಿದು ಒಲೆ ಆರಿಸಿ ಬಂದು, ಹಿಟ್ಟು ಮುಗಿಯುವವರೆಗೂ ತಲೆಯೆತ್ತದೆ ಇಟ್ಟೆ. ಎದ್ದು ನಿಂತು ನೋಡಿದಾಗ ಸೀರೆಯುದ್ದಕ್ಕೂ ಸಾಲುಗಳು ನೆಟ್ಟಗಿದ್ದವು. ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ.